ಮಾಜಿ ಅಧ್ಯಕ್ಷರ ಮರಣ ವರದಿ

ಎಡಗಡೆಯ ಜಡೆ ಮುಗಿದಿತ್ತು. ಬಲಗಡೆಯ ಕೂದಲನ್ನು ಮೂರು ಕಾಲು ಮಾಡಿ ಹಿಡಿದುಕೊಳ್ಳುವಷ್ಟರಲ್ಲಿ ಫೋನ್ ಬಡಿದುಕೊಂಡಿತು.

"ಎಳೀಬೇಡ ಅಮ್ಮ. ಅಜ್ಜಿ ಹಾಕಿದ್ರೆ ಒಂಚೂರೂ ನೋಯಲ್ಲ," ಎಂದಳು ಮಗಳು.

ಇನ್ಸ್‌ಪೆಕ್ಟರ್ ಬಾಚಣಿಗೆಯನ್ನು ಹಲ್ಲಲ್ಲಿ ಕಚ್ಚಿಕೊಂಡು, ಒಂದು ಕೈಯಲ್ಲಿ ಜಡೆ ಬಿಡದೆ, ಇನ್ನೊಂದರಲ್ಲಿ ಫೋನ್ ಎತ್ತಿದಳು. ಆ ಕಡೆ ಅವಳ ಹೆಡ್ ಕಾನ್‌ಸ್ಟೆಬಲ್. ಠಾಣೆಯಲ್ಲಿ ಎಲ್ಲರ ಬಾಯಲ್ಲೂ ಅವನು ಮೀಸೆ.

"ಮೇಡಂ, ಮಾಜಿ ಅಧ್ಯಕ್ಷರು ತೀರಿಕೊಂಡಿದ್ದಾರೆ."

"ಯಾವಾಗ?"

"ಕಾಗದದ ಪ್ರಕಾರ ನಿನ್ನೆ ಮಧ್ಯಾಹ್ನ. ಆದ್ರೆ ಈಗ ಕಾಫಿಗೆ ಸಕ್ಕರೆ ಕಮ್ಮಿ ಆಯ್ತು ಅಂತ ಬೈತಾ ಕೂತಿದ್ದಾರೆ."

ಬಾಚಣಿಗೆ ಬಾಯಿಂದ ಬಿತ್ತು. ಅತ್ತೆ ಒಳಗಿನಿಂದ ಬಂದು, ಏನೂ ಕೇಳದೆ, ಮೊಮ್ಮಗಳ ಕೂದಲನ್ನು ತನ್ನ ಕೈಗೆ ತೆಗೆದುಕೊಂಡರು. ಹುಡುಗಿ ಅಜ್ಜಿಯ ಮೊಣಕಾಲಿಗೆ ಒರಗಿ ಕಣ್ಣು ಮುಚ್ಚಿದಳು. ಇನ್ಸ್‌ಪೆಕ್ಟರ್ ಶೂ ಹಾಕಿಕೊಳ್ಳುತ್ತ ಅದನ್ನು ನೋಡಿದಳು. ಲೇಸು ಬೇಕಾದದ್ದಕ್ಕಿಂತ ಬಿಗಿಯಾಯಿತು.

* * *

ಮಾಜಿ ಅಧ್ಯಕ್ಷರ ಮನೆಯ ಗೇಟಿನ ಮುಂದೆ ಸರ್ಕಾರದ ವ್ಯಾನು ನಿಂತಿತ್ತು. ಕಂಬದ ಮೇಲಿದ್ದ ಹಿತ್ತಾಳೆಯ ಫಲಕದ ನಾಲ್ಕು ಸ್ಕ್ರೂಗಳಲ್ಲಿ ಮೂರನ್ನು ಯಾರೋ ಆಗಲೇ ಬಿಚ್ಚಿದ್ದರು. ಫಲಕ ಒಂದು ಕಡೆ ವಾಲಿ ನೇತಾಡುತ್ತಿತ್ತು.

ವಿಷಯವನ್ನು ಮೀಸೆ ನಡೆಯುತ್ತಲೇ ಹೇಳಿ ಮುಗಿಸಿದ. ದೇಶದ ಮುಖ್ಯಸ್ಥರಾಗಿದ್ದವರಿಗೆ ಸಾಯುವವರೆಗೆ ಪಿಂಚಣಿ, ಮನೆ, ಕಾರು ಸಿಗುತ್ತದೆ. ಜೊತೆಗೆ ಏಳು ಜನ: ಕಾರ್ಯದರ್ಶಿ, ಡ್ರೈವರ್, ನರ್ಸ್, ಅಡುಗೆಯವಳು, ತೋಟದವನು, ಇಬ್ಬರು ಕಾವಲಿನವರು. ಇದನ್ನೆಲ್ಲ ನೋಡಿಕೊಳ್ಳುವುದು ಸೌಲಭ್ಯ ವಿಭಾಗ. ನಿನ್ನೆ ಸಂಜೆಯ ಟಪಾಲು ಚೀಲದಲ್ಲಿ ಆ ವಿಭಾಗಕ್ಕೆ ಒಂದು ಹಸಿರು ಹಾಳೆ ಹೋಗಿತ್ತು. ಅಧ್ಯಕ್ಷರು ತೀರಿಕೊಂಡಿದ್ದಾರೆ, ಸೌಲಭ್ಯಗಳನ್ನು ವಾಪಸ್ ಪಡೆಯಿರಿ ಎಂದು. ಕೆಳಗೆ ವೈದ್ಯರ ಸಹಿ. ಬೆಳಿಗ್ಗೆ ಏಳಕ್ಕೆ ವಿಭಾಗದವರು ಬಂದು ಬಾಗಿಲು ತಟ್ಟಿದರೆ, ತೆಗೆದದ್ದು ಸತ್ತವರೇ.

ಅಧ್ಯಕ್ಷರು ಜಗಲಿಯ ಬೆತ್ತದ ಕುರ್ಚಿಯಲ್ಲಿ ಚಪ್ಪಲಿ ಕಳಚಿಟ್ಟು ಕೂತಿದ್ದರು. ಎಂಬತ್ತು ದಾಟಿದ ದೇಹ, ಸಭೆಗೆ ಕೇಳಿಸುವಂಥ ದನಿ.

"ನನ್ನ ಸಾವಿನ ತನಿಖೆಗೆ ಬಂದ್ರಾ? ಬನ್ನಿ ಬನ್ನಿ. ಹೆಣ ಇಲ್ಲೇ ಇದೆ."

ಅಧ್ಯಕ್ಷರ ಮಗಳು ಒಳಗಿನಿಂದ ಶಾಲು ತಂದಳು. ನಲವತ್ತೈದರ ಆಸುಪಾಸಿನ ಹೆಂಗಸು. ಮದುವೆಯಾಗಿರಲಿಲ್ಲ, ಹುಟ್ಟಿದಾಗಿನಿಂದ ಅಪ್ಪನ ಮನೆಯಲ್ಲೇ ಇದ್ದವಳು. ಅಷ್ಟರಲ್ಲಿ ನರ್ಸ್ ಇನ್ನೊಂದು ಶಾಲನ್ನು ಮುದುಕರ ಹೆಗಲಿಗೆ ಹೊದಿಸಿಯಾಗಿತ್ತು. ಮಗಳು ತನ್ನ ಕೈಯಲ್ಲಿದ್ದುದನ್ನು ನಾಲ್ಕು ಮಡಿಕೆ ಮಾಡಿ, ಮತ್ತೂ ಒಂದು ಮಡಿಕೆ ಮಾಡಿ, ಒಳಗೆ ತೆಗೆದುಕೊಂಡು ಹೋದಳು.

ವಿಭಾಗದ ಅಧಿಕಾರಿ ಕಡತವನ್ನು ಎದೆಗೆ ಅವುಚಿಕೊಂಡು ನಿಂತಿದ್ದ.

"ಇವರು ಬದುಕಿರೋದು ಕಣ್ಣಿಗೆ ಕಾಣುತ್ತಲ್ಲ ಸರ್. ಕೆಲಸದವರನ್ನ ಇಲ್ಲೇ ಬಿಡಿ," ಎಂದಳು ಇನ್ಸ್‌ಪೆಕ್ಟರ್.

"ಕಣ್ಣಿಗೆ ಕಂಡ್ರೆ ಸಾಲದು ಮೇಡಂ, ಕಾಗದಕ್ಕೆ ಕಾಣ್ಬೇಕು. ವಾಪಸಾತಿ ಆದೇಶ ಹೊರಟಾಯ್ತು. ಅದನ್ನ ರದ್ದು ಮಾಡೋಕೆ ಹೊಸ ಆದೇಶ ಬೇಕು. ಏನಿಲ್ಲ ಅಂದ್ರೂ ಒಂದು ತಿಂಗಳು."

"ಅಲ್ಲೀವರೆಗೆ?"

"ಅಲ್ಲೀವರೆಗೆ ಇವರು ತೀರಿಕೊಂಡವರೇ." ಆತ ತಗ್ಗಿದ ದನಿಯಲ್ಲಿ ಸೇರಿಸಿದ, "ಇವತ್ತು ಸಂಜೆ ಆರರೊಳಗೆ ಮೇಲಿನವರಿಗೆ ಒಂದು ಹೆಸರು ಕೊಡ್ಬೇಕು. ನೀವು ಕೊಡ್ಲಿಲ್ಲ ಅಂದ್ರೆ ನಾನು ನರ್ಸ್ ಹೆಸರು ಕೊಡ್ತೀನಿ. ಕೆಲಸ ಹೋಗುತ್ತೆ, ನೋಂದಣಿನೂ ರದ್ದಾಗುತ್ತೆ. ಇನ್ನು ಜನ್ಮದಲ್ಲಿ ಒಬ್ಬ ರೋಗಿಯ ಕೈ ಹಿಡಿಯೋ ಹಾಗಿಲ್ಲ."

"ಅವಳೇ ಯಾಕೆ?"

"ಸಹಿ ನಿಜವಾದದ್ದು ಮೇಡಂ. ವೈದ್ಯರೇ ಒಪ್ಕೊಂಡ್ರು. ಅವರ ಸಹಿ ಇರೋ ಹಾಳೆಗಳು ಇರೋದು ನರ್ಸ್ ಕೈಯಲ್ಲಿ."

* * *

ನರ್ಸ್ ತನ್ನ ಕೋಣೆಯ ಮಂಚದ ತುದಿಯಲ್ಲಿ ಕೂತಿದ್ದಳು. ಮೂವತ್ತೂ ಆಗಿರಲಿಲ್ಲ. ಅತ್ತು ಅತ್ತು ಮೂಗು ಕೆಂಪಗಾಗಿತ್ತು.

"ಈ ಮನೆಯಿಂದ ಏನು ತಿಳಿಸ್ಬೇಕಾದ್ರೂ ಇದೊಂದೇ ಹಸಿರು ಹಾಳೆ ಮೇಡಂ," ಎಂದು ಖಾಲಿ ಹಾಳೆಯೊಂದನ್ನು ತೋರಿಸಿದಳು. ಮೇಲೆ ಸಾಲಾಗಿ ಚೌಕಗಳಿದ್ದವು. ಔಷಧಿ. ರಿಪೇರಿ. ರಜೆ. ಮರಣ. ಯಾವುದು ಬೇಕೋ ಅದಕ್ಕೆ ಗುರುತು ಹಾಕುವುದು.

"ಅಂದ್ರೆ ಕೆಮ್ಮಿನ ಔಷಧಿಗೂ ಸಾವಿಗೂ ಒಂದೇ ಕಾಗದ?"

"ಹೌದು ಮೇಡಂ. ಡಾಕ್ಟ್ರು ವಾರಕ್ಕೊಂದ್ಸಲ ಬರೋದು. ನಡುವೆ ಔಷಧಿ ಬೇಕಾದ್ರೆ ಫೋನ್ ಮಾಡಿ ಪ್ರಾಣ ತಿನ್ನಬೇಡ ಅಂತ ನಾಲ್ಕೈದು ಖಾಲಿ ಹಾಳೆಗೆ ಸಹಿ ಹಾಕಿಟ್ಟು ಹೋಗ್ತಾರೆ."

"ಎಲ್ಲಿ ಇಡ್ತೀಯ?"

"ಈ ಡ್ರಾಯರಲ್ಲಿ. ಬೀಗ ಹಾಕಲ್ಲ. ಯಾರು ಕದೀತಾರೆ ಇದನ್ನ?" ಅವಳು ಡ್ರಾಯರನ್ನು ಎಳೆದು ತೋರಿಸಿದಳು. "ದೊಡ್ಡವ್ರು ಸಾಯ್ಲಿ ಅಂತ ನಾನ್ಯಾಕೆ ಬರೀಲಿ ಮೇಡಂ? ಅವರಿದ್ರೇ ನನಗೆ ಕೆಲಸ."

ಇನ್ಸ್‌ಪೆಕ್ಟರ್ ಮರಣದ ಹಾಳೆಯನ್ನು ಮತ್ತೊಮ್ಮೆ ನೋಡಿದಳು. ಹಜಾರದಲ್ಲಿ ಎಲ್ಲರೂ ಬಳಸುವ ಟೈಪ್ ಮೆಷಿನ್ನಿನಲ್ಲಿ ಬಡಿದದ್ದು. ಕೈಬರಹವಿಲ್ಲ. ಟಪಾಲು ಚೀಲವನ್ನು ಒಯ್ಯುವವನು ಸಂಜೆ ಈ ಮನೆಗೂ ಪಕ್ಕದ ಮನೆಗೂ ಒಟ್ಟಿಗೇ ಬರುತ್ತಾನೆ; ಹಾಳೆ ಯಾವ ಮನೆಯಿಂದ ಬಂತೆಂದು ಹೇಳಲಾರ. ಪಕ್ಕದ ಮನೆಯಲ್ಲಿರುವವರೂ ಮಾಜಿ ಅಧ್ಯಕ್ಷರೇ.

"ಅಲ್ಲಿಗೆ ಹೋಗೋಣ ಮೇಡಂ," ಎಂದ ಮೀಸೆ. "ಆ ಮನೆಯವರಿಗೆ ಇವರನ್ನ ಕಂಡ್ರೆ ಹೊಟ್ಟೆ ಉರಿ. ಬೀದಿಗೆಲ್ಲ ಗೊತ್ತು."

* * *

ಪಕ್ಕದ ಮನೆಯ ಮಾಜಿ ಅಧ್ಯಕ್ಷರು ಬೇಲಿಯ ಹತ್ತಿರವೇ ಕುರ್ಚಿ ಹಾಕಿಸಿಕೊಂಡು ಕಾಯುತ್ತಿದ್ದರು.

"ನಿಜವಾಗಿ ಹೋದ್ರಾ?"

"ಇಲ್ಲ ಸರ್. ಚೆನ್ನಾಗಿದ್ದಾರೆ."

"ಓ." ಆ ಒಂದಕ್ಷರವನ್ನು ಅವರು ಸ್ವಲ್ಪ ಹೊತ್ತು ಬಾಯಲ್ಲೇ ಇಟ್ಟುಕೊಂಡರು. "ಸಂತೋಷ."

"ಅವರು ಹೋದ್ರೆ ನಿಮಗೇನಾದ್ರೂ ಬದಲಾಗುತ್ತಾ?"

"ನಾನು ಹಿರಿಯ ಮಾಜಿ ಆಗ್ತೀನಿ. ಸಮಾರಂಭದಲ್ಲಿ ಮೊದಲನೇ ಸಾಲಿನ ಮೊದಲನೇ ಕುರ್ಚಿ. ಇಪ್ಪತ್ತು ವರ್ಷದಿಂದ ಎರಡನೇ ಕುರ್ಚಿಲಿ ಕೂತಿದ್ದೀನಿ ಇನ್ಸ್‌ಪೆಕ್ಟರ್. ಅಲ್ಲಿ ಕಂಬ ಅಡ್ಡ ಬರುತ್ತೆ." ಅವರು ಮುಂದೆ ಬಾಗಿದರು. "ಅವರ ಮನೆಗೆ ಇಬ್ಬರು ಕಾವಲು, ನನಗೊಬ್ಬ. ಅವರ ಮೊದಲನೇ ಮಹಡಿಗೂ ಬಿಸಿನೀರು. ಅರ್ಜಿ ಕೊಟ್ಟೆ. ಕಾನೂನು ಇಬ್ಬರಿಗೂ ಒಂದೇ ಅಂತ ಉತ್ತರ ಬಂತು, ಬಿಸಿನೀರು ಬರ್ಲಿಲ್ಲ."

ಮೀಸೆ ಕೆಮ್ಮಿದಂತೆ ಮಾಡಿ ಮುಖ ತಿರುಗಿಸಿಕೊಂಡ.

"ಅವರ ಹುಟ್ಟಿದ ದಿನ ಯಾವತ್ತು ಸರ್?" ಎಂದು ಇನ್ಸ್‌ಪೆಕ್ಟರ್ ತಟ್ಟನೆ ಕೇಳಿದಳು.

"ಜೂನ್ ಒಂದು. ಅದನ್ನ ಮರೆಯೋದುಂಟೇ? ಈ ಸಲ ಗೇಟಿಗೆ ನಲವತ್ತೊಂದು ಹೂಗುಚ್ಛ ಬಂತು. ನಾನೇ ಇಲ್ಲಿ ಕೂತು ಎಣಿಸಿದೆ. ನನಗೆ ಹನ್ನೆರಡು."

ಹೊರಗೆ ಬಂದ ಮೇಲೆ ಮೀಸೆ ಕೇಳಿದ, "ಇವರೇ ಅಲ್ವಾ ಮೇಡಂ? ಬಾಯಿ ಬಿಟ್ಟು ಹೇಳಿದ ಹಾಗೇ ಇತ್ತು."

"ಇವರಲ್ಲ." ಅವಳು ಹಸಿರು ಹಾಳೆಯನ್ನು ಅವನ ಮುಂದೆ ಹಿಡಿದಳು. "ಹುಟ್ಟಿದ ತಾರೀಖು ಓದು."

"ಅಕ್ಟೋಬರ್ ಇಪ್ಪತ್ತಾರು." ಮೀಸೆ ತಲೆ ಎತ್ತಿದ. "ತಪ್ಪಾಗಿದೆ."

"ಇಷ್ಟು ಹೊಟ್ಟೆ ಉರಿ ಇರೋರಿಗೆ ಆ ತಾರೀಖು ತಪ್ಪುತ್ತಾ?"

* * *

ವಿಭಾಗದ ಅಧಿಕಾರಿಗೆ ಅವಳು ಅದನ್ನೇ ತೋರಿಸಿದಳು. ಆತ ಕನ್ನಡಕ ಏರಿಸಿ, ಇಳಿಸಿ ನೋಡಿದ.

"ಸಾವಿನ ಕಾಗದ ಬಂದಾಗ ಹುಟ್ಟಿದ ತಾರೀಖು ಯಾರು ನೋಡ್ತಾರೆ ಮೇಡಂ?"

ಕಡತದಲ್ಲಿ ನರ್ಸ್ ಕಳಿಸಿದ ಔಷಧಿಯ ಹಾಳೆಗಳಿದ್ದವು. ನಾಲ್ಕು ವರ್ಷದ ಹಾಳೆಗಳು. ಒಂದೊಂದರಲ್ಲೂ ಜೂನ್ ಒಂದು. ಕಾರ್ಯದರ್ಶಿ ಕಳಿಸಿದ ರಿಪೇರಿ ಹಾಳೆಗಳಲ್ಲೂ ಜೂನ್ ಒಂದು. ಇನ್ಸ್‌ಪೆಕ್ಟರ್ ನೇರವಾಗಿ ಜಗಲಿಗೆ ಹೋದಳು.

"ಅಕ್ಟೋಬರ್ ಇಪ್ಪತ್ತಾರು ಅಂದ್ರೆ ಏನು ಸರ್?"

ಮುದುಕರ ಮುಖದಿಂದ ತಮಾಷೆ ಇಳಿದುಹೋಯಿತು.

"ಎಲ್ಲಿ ಸಿಕ್ತು ಇದು ನಿಮಗೆ?"

"ಹೇಳಿ ಸರ್."

"ನಾನು ಹುಟ್ಟಿದ್ದು ಅವತ್ತು. ಶಾಲೆಗೆ ಸೇರಿಸೋವಾಗ ಮೇಷ್ಟ್ರು ಸುಲಭ ಆಗ್ಲಿ ಅಂತ ಜೂನ್ ಒಂದು ಬರ್ಕೊಂಡ್ರು. ಅದೇ ದೇಶಕ್ಕೆಲ್ಲ ಆಯ್ತು. ನಿಜವಾದ್ದು ನನ್ನ ಹೆಂಡತಿಗೆ ಮಾತ್ರ ಗೊತ್ತಿತ್ತು. ಅವಳು ಹೋಗಿ ಹದಿನೆಂಟು ವರ್ಷ ಆಯ್ತು. ಈಗ ಗೊತ್ತಿರೋರು ಯಾರೂ ಇಲ್ಲ."

"ಯಾರೂ?"

"ಯಾರೂ ಇಲ್ಲಮ್ಮ." ಆಮೇಲೆ ಅವರು ಮತ್ತೆ ಉತ್ಸಾಹ ತಂದುಕೊಂಡರು. "ನೋಡಿ, ಆ ನರ್ಸ್ ಹುಡುಗಿನ ಬಿಟ್ಟುಬಿಡಿ. ಪಾಪ, ಬೆಳಿಗ್ಗೆ ನನ್ನ ಕಾಲ ಹತ್ರ ಕೂತು ಅತ್ತುಬಿಡ್ತು. ನನಗೆ ಇರೋದು ಏಳು ಜನ. ಅವರಲ್ಲಿ ಒಬ್ಬರಿಲ್ಲ ಅಂದ್ರೂ ನನ್ನ ಕೈಕಾಲು ಆಡಲ್ಲ." ಅವರು ಬೆರಳು ಮಡಿಸಿ ಏಳನ್ನೂ ಎಣಿಸಿದರು.

ಬಾಗಿಲ ಮರೆಯಲ್ಲಿ ಬಳೆಯ ಸದ್ದಾಯಿತು. ಆಮೇಲೆ ಒಳಗೆ ಹೋಗುವ ಹೆಜ್ಜೆ.

* * *

ಅಡುಗೆಮನೆಯಲ್ಲಿ ಅಡುಗೆಯವಳು ತನ್ನ ಡಬ್ಬಿ, ಏಪ್ರನ್, ಮೊಣಕಾಲು ನೋವಿನ ಎಣ್ಣೆ ಎಲ್ಲವನ್ನೂ ಚೀಲಕ್ಕೆ ತುಂಬುತ್ತಿದ್ದಳು.

"ಸಂಜೆ ವ್ಯಾನು ಹತ್ತಬೇಕಂತೆ. ಹದಿನಾಲ್ಕು ವರ್ಷ ಈ ಒಲೆ ಮುಂದೆ ನಿಂತಿದ್ದೀನಿ. ಸತ್ತವರಿಗೆ ಊಟ ಬೇಡ ಅಂತಾರೆ. ಬದುಕಿರೋರು ಹೊರಗೆ ಕೂತು ಇನ್ನೊಂದು ಕಾಫಿ ಕೇಳ್ತಿದ್ದಾರೆ."

ಇನ್ಸ್‌ಪೆಕ್ಟರಿಗೆ ನಗು ಬಂತು. ಯಾವ ಮನೆಗೆ ಹೋದರೂ ಅವಳ ಕಣ್ಣು ಮೊದಲು ಅಡುಗೆಮನೆಯ ಕ್ಯಾಲೆಂಡರಿಗೆ ಹೋಗುತ್ತಿತ್ತು. ಮನೆಯ ಗುಟ್ಟೆಲ್ಲ ಅಲ್ಲೇ ಇರುತ್ತದೆ ಎಂದು ಅವಳಿಗೆ ತನ್ನ ಮನೆಯಿಂದಲೇ ಗೊತ್ತು. ಇಲ್ಲೂ ಹಾಲಿನ ಲೆಕ್ಕ, ಗ್ಯಾಸು ಬಂದ ದಿನ, ಅಗಸನ ಗೀಟು. ಅವಳು ಹಾಳೆಗಳನ್ನು ಒಂದೊಂದಾಗಿ ಎತ್ತಿದಳು. ಅಕ್ಟೋಬರ್. ಇಪ್ಪತ್ತಾರರ ಮೂಲೆಯಲ್ಲಿ ಪೆನ್ಸಿಲಿನ ಒಂದು ಚುಕ್ಕೆ. ಪಕ್ಕದಲ್ಲಿ ಏನೂ ಬರೆದಿರಲಿಲ್ಲ.

"ಈ ಚುಕ್ಕೆ ಏನು?"

"ಅದು ನನ್ನ ರಜೆ. ಅವತ್ತೊಂದು ದಿನ ದೊಡ್ಡವ್ರ ಮಗಳು, ನಮ್ಮ ಅಕ್ಕ, ನನ್ನ ಒಳಗೆ ಬಿಡಲ್ಲ. ತಾವೇ ಅಡುಗೆ ಮಾಡಿ, ತಾವೇ ತಟ್ಟೆ ಇಡ್ತಾರೆ. ಪ್ರತಿ ವರ್ಷ."

"ಯಾಕೆ ಅಂತ ಕೇಳಿಲ್ವಾ?"

"ರಜೆ ಕೊಟ್ಟಾಗ ಯಾಕೆ ಅಂತ ಯಾರು ಕೇಳ್ತಾರೆ ತಾಯಿ?" ಅಡುಗೆಯವಳು ಚೀಲದ ಬಾಯಿ ಕಟ್ಟಿದಳು. "ದೊಡ್ಡವ್ರಿಗೆ ಅದೂ ಗೊತ್ತಿಲ್ಲ. ಮಾರನೇ ದಿನ ನನ್ನ ಕರೆದು, ನಿನ್ನೆ ಅಡುಗೆ ಚೆನ್ನಾಗಿತ್ತು ಕಣೇ ಅಂತಾರೆ. ನಾನು ಹೂಂ ಅಂದುಬಿಡ್ತೀನಿ. ಅಕ್ಕ ಅಲ್ಲೇ ನಿಂತಿರ್ತಾರೆ, ಏನೂ ಹೇಳಲ್ಲ."

ಇನ್ಸ್‌ಪೆಕ್ಟರ್ ಕ್ಯಾಲೆಂಡರಿನ ಹಾಳೆ ಬಿಟ್ಟಳು. ಬೆಳಿಗ್ಗೆ ಅತ್ತೆಯ ಮೊಣಕಾಲಿಗೆ ಒರಗಿದ್ದ ಪುಟ್ಟ ತಲೆ ನೆನಪಾಯಿತು. ಎದೆಯಲ್ಲಿ ಚಿಟಿಕೆಯಷ್ಟು ಖಾರ ಬಿದ್ದ ಹಾಗಿತ್ತು ಆಗ. ಅದು ಒಂದು ಬೆಳಗಿನದು. ಅಂಥದ್ದನ್ನು ಹದಿನೆಂಟು ವರ್ಷ ನುಂಗಿಕೊಂಡು ಬಂದರೆ ಏನಾಗಬಹುದು?

ಅವಳು ಹಸಿರು ಹಾಳೆಯ ಹಿಂಬದಿಯನ್ನು ತಿರುಗಿಸಿದಳು. ಅಲ್ಲಿ ಸೌಲಭ್ಯಗಳ ಪಟ್ಟಿ. ಪ್ರತಿಯೊಂದರ ಎದುರಿಗೆ, ಯಾವಾಗಿನಿಂದ ವಾಪಸ್ ಎಂಬ ಕಾಲಂ. ಬೆಳಿಗ್ಗೆಯಿಂದ ನಾಲ್ಕು ಸಲ ನೋಡಿದ್ದಳು. ಈಗ ಓದಿದಳು.

* * *

ಐದೂವರೆಗೆ ಅವಳು ಎಲ್ಲರನ್ನೂ ಹಜಾರದಲ್ಲಿ ಕೂರಿಸಿದಳು. ಅಧ್ಯಕ್ಷರು ನಡುವೆ. ನರ್ಸ್ ಗೋಡೆಗೆ ಒರಗಿ. ಅಧಿಕಾರಿ ಗಡಿಯಾರ ನೋಡುತ್ತ. ಮಗಳು ಕಿಟಕಿಯ ಹತ್ತಿರ, ಪರದೆಯ ಅಂಚಿನ ಬಿಟ್ಟುಹೋದ ಹೊಲಿಗೆಯನ್ನು ಬೆರಳಲ್ಲಿ ಸರಿಮಾಡುತ್ತ.

"ಈ ಕಾಗದದಿಂದ ಯಾರಿಗೆ ಲಾಭ ಅಂತ ಬೆಳಿಗ್ಗೆಯಿಂದ ಹುಡುಕಿದೆ," ಎಂದಳು ಇನ್ಸ್‌ಪೆಕ್ಟರ್. "ಏಳು ಜನಕ್ಕೂ ಕೆಲಸ ಹೋಗುತ್ತೆ. ಪಕ್ಕದ ಮನೆಯವರಿಗೆ ಮೊದಲನೇ ಕುರ್ಚಿ ಸಿಗುತ್ತೆ, ಆದ್ರೆ ಇವರು ನಾಳೆ ಎದ್ದು ಓಡಾಡಿದ್ರೆ ಅದೂ ಇಲ್ಲ. ಹಾಗಾದ್ರೆ ಬರೆದವರಿಗೆ ಬೇಕಾಗಿದ್ದೇನು?"

ಅವಳು ಹಸಿರು ಹಾಳೆಯನ್ನು ಮೇಜಿನ ಮೇಲೆ ಬಿಡಿಸಿಟ್ಟಳು.

"ಸುಳ್ಳು ಒಂದೇ ದಿನಕ್ಕೆ ಗೊತ್ತಾಗುತ್ತೆ ಅಂತ ಬರೆದವರಿಗೆ ಗೊತ್ತಿತ್ತು. ಆದ್ರೆ ಅದನ್ನ ತಿದ್ದೋಕೆ ವಿಭಾಗಕ್ಕೆ ಒಂದು ತಿಂಗಳು ಬೇಕು ಅಂತಲೂ ಗೊತ್ತಿತ್ತು. ಈ ಮನೇಲಿ ವರ್ಷಗಟ್ಟಲೆ ಇದ್ದವರಿಗೆ ಮಾತ್ರ ಗೊತ್ತಿರೋ ವಿಷಯ ಅದು. ಈಗ ಹಿಂದಿನ ಪಟ್ಟಿ ನೋಡಿ. ಕಾರು, ಫೋನು, ಪಿಂಚಣಿ, ಮನೆ: ಇವೆಲ್ಲ ಮುಂದಿನ ತಿಂಗಳ ಕೊನೆಗೆ ವಾಪಸ್. ಕಾರ್ಯದರ್ಶಿ, ಡ್ರೈವರ್, ನರ್ಸ್, ಅಡುಗೆಯವರು, ತೋಟದವರು, ಕಾವಲಿನವರು: ಇವತ್ತೇ ವಾಪಸ್. ವಸ್ತು ಒಂದೂ ಅಲುಗಾಡಬಾರದು. ಮನುಷ್ಯರು ಒಬ್ಬರೂ ಉಳೀಬಾರದು. ಒಂದು ತಿಂಗಳು."

"ನರ್ಸ್ ತನ್ನ ಹೆಸರನ್ನೂ ಸೇರಿಸಿ ಬರೆದಿರಬಹುದಲ್ಲ? ಅನುಮಾನ ಬರದೇ ಇರಲಿ ಅಂತ," ಎಂದ ಅಧಿಕಾರಿ.

"ಅವರು ನಿಮಗೆ ನಾಲ್ಕು ವರ್ಷದಿಂದ ಜೂನ್ ಒಂದು ಅಂತ ಬರೆದು ಕಳಿಸ್ತಿದ್ದಾರೆ. ಅವರಿಗೆ ಬೇರೆ ತಾರೀಖು ಗೊತ್ತೇ ಇಲ್ಲ. ಈ ಹಾಳೆಯಲ್ಲಿರೋದು ಅಕ್ಟೋಬರ್ ಇಪ್ಪತ್ತಾರು. ಅದು ಗೊತ್ತಿರೋರು ಯಾರೂ ಇಲ್ಲ ಅಂತ ಸರ್ ಹೇಳಿದ್ರು." ಅವಳು ಅಧ್ಯಕ್ಷರ ಕಡೆ ತಿರುಗಿದಳು. "ಇದ್ದಾರೆ ಸರ್. ಪ್ರತಿ ವರ್ಷ ಆ ದಿನ ಅಡುಗೆಯವರಿಗೆ ರಜೆ ಕೊಟ್ಟು, ನಿಮ್ಮ ತಟ್ಟೆಗೆ ತಾವೇ ಬಡಿಸ್ತಾರೆ. ನೀವು ಮಾರನೇ ದಿನ ಬೇರೆಯವರನ್ನ ಹೊಗಳ್ತೀರ."

ಮುದುಕರು ನಿಧಾನಕ್ಕೆ ಕಿಟಕಿಯ ಕಡೆ ನೋಡಿದರು. ಬೆಳಿಗ್ಗೆಯಿಂದ ಅವರು ಆ ಕಡೆ ನೋಡಿದ್ದು ಅದೇ ಮೊದಲು.

"ನೀನಾ?"

ಮಗಳು ಪರದೆ ಬಿಟ್ಟಳು.

"ಅಮ್ಮ ಹೇಳಿಕೊಟ್ಟಿದ್ದಳು. ಜೂನ್ ಒಂದು ಸರ್ಕಾರದ್ದು, ಇದು ನಮ್ಮದು ಅಂತ. ಟೈಪ್ ಮಾಡೋವಾಗ ಅದೇ ಬಂತು. ಗಮನಿಸಲೂ ಇಲ್ಲ."

"ನನ್ನ ಸಾಯಿಸಿಬಿಟ್ಯಲ್ಲೇ."

"ಕಾಗದದಲ್ಲಿ."

"ಯಾಕೆ? ಏನು ಕಮ್ಮಿಯಾಗಿತ್ತು ನಿನಗೆ ಈ ಮನೇಲಿ?"

ಅವಳು ಬಿಟ್ಟ ಪರದೆಯನ್ನು ಮತ್ತೆ ಹಿಡಿದಳು. ಇನ್ಸ್‌ಪೆಕ್ಟರ್ ಸುಮ್ಮನೆ ಕಾದಳು. ತಪ್ಪೊಪ್ಪಿಗೆಗೆ ಅವಸರ ಮಾಡಬಾರದು, ಮಗುವಿಗೆ ಊಟ ಮಾಡಿಸುವಾಗ ಮಾಡಬಾರದ ಹಾಗೇ.

"ಚಿಕ್ಕವಳಿದ್ದಾಗ ದೇಶ ಇತ್ತು," ಎಂದಳು ಮಗಳು ಕೊನೆಗೆ. "ದೇಶ ದೊಡ್ಡದು, ಸುಮ್ಮನಿರು ಅಂದ್ಲು ಅಮ್ಮ. ಸುಮ್ಮನಿದ್ದೆ. ಅಧಿಕಾರ ಮುಗಿದ ದಿನ ನನಗೆಷ್ಟು ಖುಷಿ ಆಗಿತ್ತು ಗೊತ್ತಾ? ಮಾರನೇ ಬೆಳಿಗ್ಗೆಯಿಂದಲೇ ಇಂಥವರು ಬರೋಕೆ ಶುರು ಮಾಡಿದ್ರು. ಪತ್ರಿಕೆ ಓದಿ ಹೇಳೋಕೆ ಒಬ್ಬ. ಗಾಳಿಗೆ ಕರ್ಕೊಂಡು ಹೋಗೋಕೆ ಒಬ್ಬ. ಮಾತ್ರೆ ಕೊಡೋಕೆ ಒಬ್ಬಳು. ನಾನು ಮಾಡಬಹುದಾದ ಒಂದೊಂದು ಕೆಲಸಕ್ಕೂ ಸರ್ಕಾರ ಒಬ್ಬೊಬ್ಬರನ್ನ ಕಳಿಸ್ತು. ಸಾಯೋವರೆಗೂ ಇರ್ತಾರೆ ಅಂತ ಕಾನೂನಿನಲ್ಲೇ ಬರೆದಿದ್ದಾರೆ. ಇವರನ್ನ ಕಳಿಸೋಕೆ ಆ ಹಾಳೇಲಿ ಬೇರೆ ಚೌಕ ಇರ್ಲಿಲ್ಲ ಅಪ್ಪ."

ನರ್ಸ್ ಗೋಡೆ ಬಿಟ್ಟು ಮುಂದೆ ಬಂದಳು. "ಅಕ್ಕ, ನನ್ನ ಮೇಲೆ ಬಂತಲ್ಲ. ನಾನು ಬೆಳಿಗ್ಗೆಯಿಂದ ಅಳ್ತಿದ್ದೀನಿ. ಒಂದು ಮಾತು ಹೇಳ್ಬೇಕು ಅನ್ನಿಸ್ಲಿಲ್ವಾ?"

"ಅನ್ನಿಸ್ತು. ಹೇಳೋಣ ಅಂತಲೇ ಜಗಲಿಗೆ ಬಂದೆ." ಮಗಳು ಅವಳ ಮುಖ ನೋಡದೆ ಹೇಳಿದಳು. "ಅಪ್ಪ ನಿನ್ನ ತಲೆ ಮೇಲೆ ಕೈ ಇಟ್ಟು ಸಮಾಧಾನ ಮಾಡ್ತಿದ್ರು. ಬಾಯಿ ಕಟ್ಟಿಹೋಯ್ತು. ಇನ್ನೊಂದು ಗಂಟೆ ಅಳಲಿ ಅನ್ನಿಸ್ತು. ಆಮೇಲೆ ಇನ್ನೊಂದು ಗಂಟೆ. ತಪ್ಪು. ಗೊತ್ತು."

ಅಧಿಕಾರಿ ಪೆನ್ನಿನ ಮುಚ್ಚಳ ತೆಗೆದ. ಇನ್ಸ್‌ಪೆಕ್ಟರ್ ತಲೆಯಾಡಿಸಿದಳು. "ನರ್ಸ್ ಹೆಸರು ಹೊಡೆದುಹಾಕಿ, ಸರ್. ಇವರ ಹೇಳಿಕೆ ನಾನು ಬರ್ಕೊಳ್ತೀನಿ. ಸರ್ಕಾರಿ ಕಾಗದದಲ್ಲಿ ಸುಳ್ಳು ಬರೆದದ್ದು ಅಪರಾಧವೇ. ಶಿಕ್ಷೆ ಎಷ್ಟು ಅಂತ ನ್ಯಾಯಾಲಯ ನೋಡ್ಲಿ."

ಗಡಿಯಾರ ಆರು ಹೊಡೆಯಿತು. ಹೊರಗೆ ವ್ಯಾನಿನವನು ಹಾರ್ನ್ ಒತ್ತಿದ. ಆದೇಶ ಆದೇಶವೇ. ಒಬ್ಬೊಬ್ಬರಾಗಿ ಚೀಲ ಎತ್ತಿಕೊಂಡರು. ಅಡುಗೆಯವಳು, ಡ್ರೈವರ್, ಕಾವಲಿನವರು. ನರ್ಸ್ ಮಾತ್ರೆಯ ಡಬ್ಬಿಯನ್ನು ಮೇಜಿನ ಮೇಲಿಟ್ಟು, ಯಾವುದು ಯಾವಾಗ ಎಂದು ಮಗಳಿಗೆ ಒಂದೇ ಉಸಿರಲ್ಲಿ ಹೇಳಿ, ತಿರುಗಿ ನೋಡದೆ ಹೋದಳು.

ಮನೆ ಖಾಲಿಯಾಗುವ ಸದ್ದನ್ನು ಮುದುಕರು ಕೇಳುತ್ತ ಕೂತಿದ್ದರು. ಒಂದು ತಿಂಗಳು. ಮಗಳು ಬಯಸಿದ್ದು ಅದನ್ನೇ. ಅದು ಈಗ ಸಿಕ್ಕಿತ್ತು. ಅವಳ ಮುಖದಲ್ಲಿ ಗೆಲುವಿನ ಗುರುತೇ ಇರಲಿಲ್ಲ.

"ಬಾಯಿ ಬಿಟ್ಟು ಕೇಳಿದ್ರೆ ಆಗ್ತಿರಲಿಲ್ವೇನಮ್ಮ?" ಅವರ ದನಿ ಈಗ ಸಭೆಗೆ ಕೇಳಿಸುವಂಥದ್ದಾಗಿರಲಿಲ್ಲ. "ಇಷ್ಟು ವರ್ಷ ಒಂದೇ ಮನೇಲಿ ಇದ್ವಲ್ಲ. ನಾನೇನು ಬೇಡ ಅಂತಿದ್ನಾ?"

"ಕೇಳೋಕೆ ಹೆದರಿಕೆ ಆಗ್ತಿತ್ತು."

"ನನ್ನ ಕಂಡ್ರಾ?"

"ನೀವು ಹೇಳೋ ಉತ್ತರ ಕಂಡ್ರೆ."

ಇನ್ಸ್‌ಪೆಕ್ಟರ್ ಪೆನ್ನು ಕೆಳಗಿಟ್ಟಳು. ಮೀಸೆಗೆ ಕಣ್ಣಲ್ಲೇ ಹೊರಗೆ ಹೋಗು ಎಂದಳು.

ಮಗಳು ಬಂದು ಅಪ್ಪನ ಕುರ್ಚಿಯ ಮುಂದೆ ನೆಲದ ಮೇಲೆ ಕೂತಳು. ಕೈಗಳನ್ನು ಮಡಿಲಲ್ಲಿ ಹಿಡಿದುಕೊಂಡಳು. ಐದು ವರ್ಷದ ಹುಡುಗಿ ಕೇಳುವಂತೆ, ಮುಖ ಎತ್ತಿ ಕೇಳಿದಳು.

"ಇವರ್ಯಾರೂ ಇಲ್ದೆ ನಾನೊಬ್ಬಳೇ ಇದ್ರೆ, ನಿಮಗೆ ಸಾಕಾಗುತ್ತಾ ಅಪ್ಪ?"